ಒಂದು ತಪ್ಪು ಪಿಕ್ ಇಟ್ಕೊಂಡು ಹೋವಿ ರೋಸ್ಮನ್‌ನ ಅಳೀಬೇಡಿ

ಭಾಗ 1

ಮೊನ್ನೆ ಸ್ಟೋರಿಯಲ್ಲಿ ಹೋವಿ ರೋಸ್ಮನ್ ಫೋಟೊ ಹಾಕಿದ್ದೆ. ಕ್ಲಾಸಿನ ಒಬ್ಬ ಮಹಾಶಯ ತಕ್ಷಣ ರಿಪ್ಲೈ ಬಿಟ್ಟ: "ಅವನು ಲಾಯರ್ ಕಣೋ, ಆಟ ಆಡಿದವನಲ್ಲ. ಜೆಫರ್ಸನ್ ಬಿಟ್ಟು ರೇಗರ್‌ನ ತಗೊಂಡವನಿಗೆ ಇಷ್ಟು ಬಿಲ್ಡಪ್ ಯಾಕೆ?" ಡಿಎಮ್‌ನಲ್ಲಿ ಎರಡು ಸಾಲು ಉತ್ತರ ಕೊಟ್ಟು ಮಲಗಬಹುದಿತ್ತು. ಆದ್ರೆ ಇದೇ ಮಾತನ್ನ ಎಲ್ಲರೂ ಹೇಳ್ತಾರೆ, ಅದಕ್ಕೇ ಈ ಸರಣಿ.

ಗೊತ್ತಿಲ್ಲದವರಿಗೆ: ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ. ಅಮೆರಿಕದ ಎನ್‌ಎಫ್‌ಎಲ್. ರೋಸ್ಮನ್ ಫಿಲಡೆಲ್ಫಿಯಾ ಈಗಲ್ಸ್ ತಂಡದ ಜನರಲ್ ಮ್ಯಾನೇಜರ್. ಯಾರನ್ನ ತಗೋಬೇಕು, ಎಷ್ಟು ಕೊಡಬೇಕು, ಯಾರನ್ನ ಬಿಡಬೇಕು, ಇದು ಅವನ ಕೆಲಸ. ಕೋಚ್ ಆಡಿಸ್ತಾನೆ, ಇವನು ಸಾಮಾನು ತಂದುಕೊಡ್ತಾನೆ.

ಮೊದಲು ರೇಗರ್ ವಿಷಯ ಮುಗಿಸ್ತೀನಿ. ಹೌದು, ತಪ್ಪೇ. 2020ರ ಡ್ರಾಫ್ಟ್‌ನಲ್ಲಿ 21ನೇ ಪಿಕ್ ಈಗಲ್ಸ್‌ದು, ತಗೊಂಡಿದ್ದು ಜೇಲನ್ ರೇಗರ್‌ನ. 22ನೇ ಪಿಕ್ ವೈಕಿಂಗ್ಸ್‌ದು, ಅವರು ತಗೊಂಡಿದ್ದು ಜಸ್ಟಿನ್ ಜೆಫರ್ಸನ್‌ನ. ಕೊನೆಗೆ 2022ರಲ್ಲಿ ರೇಗರ್‌ನ ಅದೇ ವೈಕಿಂಗ್ಸ್‌ಗೆ ಕೊಟ್ಟು ಕೈತೊಳೆದುಕೊಂಡ್ರು, ಅದು ಗಾಯದ ಮೇಲೆ ಉಪ್ಪು. 2019ರಲ್ಲೂ ಡಿಕೆ ಮೆಟ್‌ಕಾಫ್ ಇನ್ನೂ ಸಿಗ್ತಿದ್ದಾಗ 57ನೇ ಪಿಕ್‌ನಲ್ಲಿ ಆರ್ಸೆಗಾ-ವೈಟ್‌ಸೈಡ್‌ನ ತಗೊಂಡ್ರು. 2011ರಲ್ಲಿ ಮೊದಲ ಸುತ್ತಿನ ಪಿಕ್ ಕೊಟ್ಟು ತಗೊಂಡ ಡ್ಯಾನಿ ವಾಟ್ಕಿನ್ಸ್ ಎರಡೇ ಸೀಸನ್‌ಗೆ ತಂಡದಿಂದ ಹೊರಗೆ. ಇವು ಯಾವುದನ್ನೂ ನಾನು ಮುಚ್ಚಿಡಲ್ಲ. ಬೇಕಾದ್ರೆ ಇನ್ನೂ ನಾಲ್ಕು ಸೇರಿಸಿಕೊಳ್ಳಿ.

ಆದ್ರೆ ಅದೇ 2020ರ ಡ್ರಾಫ್ಟ್, ಅದೇ ಮನುಷ್ಯ, 53ನೇ ಪಿಕ್: ಜೇಲನ್ ಹರ್ಟ್ಸ್. ಅವತ್ತು ತಂಡದಲ್ಲಿ ದೊಡ್ಡ ಕಾಂಟ್ರಾಕ್ಟಿನ ಕ್ವಾರ್ಟರ್‌ಬ್ಯಾಕ್ ಇದ್ದ, ಇನ್ನೊಬ್ಬ ಯಾಕೆ ಅಂತ ಊರೆಲ್ಲ ಬೈತು. ಆ ಹರ್ಟ್ಸ್ ಎರಡು ಸೂಪರ್ ಬೌಲ್ ಆಡಿದ, ಒಂದರಲ್ಲಿ ಎಂವಿಪಿ ಆದ. ರೇಗರ್ ಮೀಮ್ ಮಾಡೋರು ಆ ಲಿಸ್ಟಿನ ಮುಂದಿನ ಸಾಲು ಓದೋದೇ ಇಲ್ಲ.

ಭಾಗ 2

ಯಾವ ವರ್ಷ ಯಾರ ಲೆಡ್ಜರ್‌ಗೆ? ಇದು ಬಹಳ ಜನ ಎಡವೋ ಜಾಗ. ರೋಸ್ಮನ್ ಜಿಎಂ ಆಗಿದ್ದು 2010ರಲ್ಲಿ, ಆಗ ಕೊನೆಯ ಮಾತು ಕೋಚ್ ಆಂಡಿ ರೀಡ್‌ದು. 2015ರಲ್ಲಿ ಚಿಪ್ ಕೆಲ್ಲಿ ಆಟಗಾರರ ಆಯ್ಕೆಯ ಅಧಿಕಾರ ಕಿತ್ತುಕೊಂಡ, ಇವನನ್ನ ದೊಡ್ಡ ಹುದ್ದೆ ಹೆಸರು ಕೊಟ್ಟು ಮೂಲೆಗೆ ಕೂರಿಸಿದ್ರು. ಆ ವರ್ಷ ಲೆಶಾನ್ ಮೆಕಾಯ್‌ನ ಮಾರಿದ್ದು ಕೆಲ್ಲಿ. ಅದನ್ನೂ ತಂದು ಇವನ ತಲೆಗೆ ಕಟ್ಟೋರಿದ್ದಾರೆ! ವರ್ಷದ ಕೊನೆಗೆ ಕೆಲ್ಲಿ ಮನೆಗೆ ಹೋದ, ಇವನು ವಾಪಸ್ ಬಂದ. ಹಾಗಾಗಿ ನಿಜವಾದ ಲೆಕ್ಕ 2016ರಿಂದ.

ತೀರ್ಪು ಯಾವಾಗ ಕೊಡಬೇಕು ಅನ್ನೋದಕ್ಕೆ ಬ್ರಾಂಡನ್ ಗ್ರಹಾಂಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2010ರಲ್ಲಿ 13ನೇ ಪಿಕ್‌ಗೆ ಮೇಲೆ ಹತ್ತಿ ಇವನನ್ನ ತಗೊಂಡ್ರು. 14ನೇ ಪಿಕ್ ಅರ್ಲ್ ಥಾಮಸ್, ಸಿಯಾಟಲ್‌ನಲ್ಲಿ ಸ್ಟಾರ್ ಆಗಿಬಿಟ್ಟ. ಗ್ರಹಾಂ ವೇಸ್ಟ್ ಅಂತ ವರ್ಷಗಟ್ಟಲೆ ಬೈದ್ರು, ಥೇಟ್ ರೇಗರ್ ಮೀಮ್ ಥರಾನೇ. ಫೆಬ್ರವರಿ 2018, ಸೂಪರ್ ಬೌಲ್, ಕೊನೆಯ ಕೆಲವು ನಿಮಿಷ, ಟಾಮ್ ಬ್ರೇಡಿ ಕೈಯಿಂದ ಚೆಂಡು ಉದುರಿಸಿದ್ದು ಅದೇ ಗ್ರಹಾಂ. ಬಿದ್ದ ಚೆಂಡು ಎತ್ತಿಕೊಂಡವನು ಡೆರೆಕ್ ಬಾರ್ನೆಟ್. ಬಾರ್ನೆಟ್ ಎಲ್ಲಿಂದ ಬಂದ? 2016ರಲ್ಲಿ ಸ್ಯಾಮ್ ಬ್ರಾಡ್‌ಫರ್ಡ್‌ನ ವೈಕಿಂಗ್ಸ್‌ಗೆ ಕೊಟ್ಟು ರೋಸ್ಮನ್ ತಂದ ಪಿಕ್ಕಿಂದ. 41-33, ಈಗಲ್ಸ್‌ಗೆ ಮೊದಲ ಸೂಪರ್ ಬೌಲ್.

ಭಾಗ 3

ಈಗ ನನ್ನ ಏರಿಯಾಗೆ ಬರ್ತೀನಿ. ಬಿಕಾಂ ಜನ ಗಮನ ಕೊಡಿ, ಉಳಿದವರೂ ಓಡಿಹೋಗಬೇಡಿ.

ಎನ್‌ಎಫ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ, ಎಲ್ಲ ತಂಡಕ್ಕೂ ಒಂದೇ ಮಿತಿ. ಆಟಗಾರನಿಗೆ ಸೈನಿಂಗ್ ಬೋನಸ್ ಇವತ್ತೇ ಕೈಗೆ ಕೊಟ್ಟರೂ ಕ್ಯಾಪ್ ಲೆಕ್ಕದಲ್ಲಿ ಅದನ್ನ ಹೆಚ್ಚೆಂದರೆ 5 ವರ್ಷಕ್ಕೆ ಸಮನಾಗಿ ಹಂಚಬಹುದು. ನಾವು ಫಸ್ಟ್ ಇಯರ್‌ನಲ್ಲಿ ಮಾಡಿದ ಸ್ಟ್ರೈಟ್ ಲೈನ್ ಮೆಥಡ್, ಬೇರೇನಿಲ್ಲ. ಆದ್ರೆ ಮಧ್ಯದಲ್ಲೇ ಅವನನ್ನ ಮಾರಿದ್ರೆ ಉಳಿದ ಕಂತೆಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತೆ. ಅದಕ್ಕೆ ಡೆಡ್ ಮನಿ ಅಂತಾರೆ. ಆಟಗಾರ ಇನ್ನೊಂದು ತಂಡದಲ್ಲಿ, ಖರ್ಚು ನಿಮ್ಮ ಪುಸ್ತಕದಲ್ಲಿ.

ಕಾರ್ಸನ್ ವೆಂಟ್ಜ್ ಕಥೆ ಇದೇ. 2016ರಲ್ಲಿ ರಾಶಿ ಪಿಕ್ ಸುರಿದು 2ನೇ ಸ್ಥಾನಕ್ಕೆ ಹತ್ತಿ ಅವನನ್ನ ತಂದ್ರು. 2019ರಲ್ಲಿ 4 ವರ್ಷಕ್ಕೆ 128 ಮಿಲಿಯನ್ ಡಾಲರ್ ಎಕ್ಸ್‌ಟೆನ್ಶನ್. 2020ರಲ್ಲಿ ಅವನ ಆಟ ಕುಸೀತು, ತಂಡ 4-11-1. ಆಗ ರೋಸ್ಮನ್ ಮಾಡಿದ್ದೇನು? 33.8 ಮಿಲಿಯನ್ ಡೆಡ್ ಮನಿ ಒಪ್ಪಿಕೊಂಡು, ಆ ಕಾಲಕ್ಕೆ ಅದು ದಾಖಲೆ, ಕೋಲ್ಟ್ಸ್‌ಗೆ ಮಾರಿದ. 2021ರಲ್ಲಿ ಕೋವಿಡ್‌ನಿಂದ ಕ್ಯಾಪ್ 182.5 ಮಿಲಿಯನ್‌ಗೆ ಇಳಿದಿತ್ತು. ಅಂದ್ರೆ ಹತ್ತಿರತ್ತಿರ ಐದರಲ್ಲಿ ಒಂದು ಪಾಲು ಇಲ್ಲದ ಮನುಷ್ಯನಿಗೆ. ಆದ್ರೂ ಆ ವರ್ಷ 9-8, ಪ್ಲೇಆಫ್.

ಇದರ ಬೆಲೆ ನನಗೆ ಯಾಕೆ ಗೊತ್ತು ಅಂದ್ರೆ, ನಮ್ಮದು ಚಪ್ಪಲಿ ಅಂಗಡಿ. ಒಂದ್ಸಲ ಅಪ್ಪ ಒಂದು ಲಾಟ್ ಲೇಡೀಸ್ ಹೀಲ್ಸ್ ತಂದ್ರು, ನಮ್ಮ ಬೀದಿಯಲ್ಲಿ ಯಾರೂ ಹಾಕಲ್ಲ. ಅರ್ಧ ಬೆಲೆಗೆ ತೆಗೆದುಬಿಡೋಣ ಅಂದೆ. "ಕೊಂಡಿದ್ದಷ್ಟೂ ಬರಲ್ವಲ್ಲೋ" ಅಂದ್ರು. ಎರಡು ವರ್ಷ ಆ ಡಬ್ಬಗಳು ಶೆಲ್ಫ್ ತುಂಬಿಕೊಂಡಿದ್ವು, ಮಕ್ಕಳ ಸ್ಕೂಲ್ ಶೂ ಇಡೋಕೆ ಜಾಗ ಇಲ್ಲ, ಜೂನ್‌ನಲ್ಲಿ ಗಿರಾಕಿ ಎದುರಂಗಡಿಗೆ. ಅಪ್ಪನ್ನ ಬೈಯೋಕೆ ಹೇಳ್ತಿಲ್ಲ. ತಾನೇ ತಂದ ಮಾಲು ಕೆಟ್ಟದ್ದು ಅಂತ ಒಪ್ಪೋದು ಅಷ್ಟು ಕಷ್ಟ. ಸಂಕ್ ಕಾಸ್ಟ್‌ಗೆ ಡೆಫಿನಿಶನ್ ಬರೆದು ಮಾರ್ಕ್ಸ್ ತಗೊಳ್ಳೋದು ಸುಲಭ.

ಮುಂದೆ ನೋಡಿ. ಕೋಲ್ಟ್ಸ್‌ನಿಂದ ಬಂದದ್ದರಲ್ಲಿ ಒಂದು 2022ರ ಮೊದಲ ಸುತ್ತಿನ ಪಿಕ್ ಆಯ್ತು, 16ನೇದು. ಅದನ್ನೂ 19ನೇದನ್ನೂ ಸೇಂಟ್ಸ್‌ಗೆ ಕೊಟ್ಟು 18, 101, ಜೊತೆಗೆ ಸೇಂಟ್ಸ್‌ನ 2023ರ ಮೊದಲ ಸುತ್ತಿನ ಪಿಕ್ ಇತ್ಯಾದಿ ತಂದ. 18 ಮತ್ತು 101 ಟೈಟನ್ಸ್‌ಗೆ ಹೋಯ್ತು, ಬಂದವನು ಎಜೆ ಬ್ರೌನ್. ಆ ಡಿಸೆಂಬರ್‌ನಲ್ಲಿ ಬ್ರೌನ್ ತನ್ನ ಹಳೆ ತಂಡದ ಮೇಲೆ ಎರಡು ಟಚ್‌ಡೌನ್ ಹೊಡೆದ, ಎರಡು ದಿನಕ್ಕೆ ಟೈಟನ್ಸ್ ಜಿಎಂ ಕೆಲಸ ಹೋಯ್ತು. 2023ರ ಸೇಂಟ್ಸ್ ಪಿಕ್ 10ನೇದಾಗಿ ಬಂತು, ಒಂದು ಮೆಟ್ಟಿಲು ಮೇಲೆ ಹತ್ತಿ ತಗೊಂಡಿದ್ದು ಜೇಲನ್ ಕಾರ್ಟರ್‌ನ. ರೈಟ್ ಆಫ್ ಮಾಡಿದ ಮಾಲಿನ ಸ್ಕ್ರ್ಯಾಪ್ ವ್ಯಾಲ್ಯೂ ಇದು ಗುರು.

ಭಾಗ 4

ಈಗ ಇನ್ನೊಂದು ಗ್ಯಾಂಗಿಗೆ. "ಎರಡು ಕಪ್ ಗೆದ್ದಿದ್ದಾನೆ, ಮುಗೀತು, ಜೀನಿಯಸ್" ಅನ್ನೋರು. ನೀವೂ ರೇಗರ್ ಮೀಮ್‌ನವರೂ ಒಂದೇ, ಬೇರೆ ಬೇರೆ ಎಂಟ್ರಿ ಹಿಡ್ಕೊಂಡು ಕೂತಿದ್ದೀರಿ ಅಷ್ಟೇ. 2023ರಲ್ಲಿ ಇದೇ ತಂಡ 10-1 ಇದ್ದದ್ದು ಹೇಗೆ ಕುಸೀತು ಮರೆತ್ರಾ? ಮಾಲೀಕ ಜೆಫ್ರಿ ಲೂರಿ ಬೋನಸ್‌ಗೆ ಮುಂಗಡ ದುಡ್ಡು ಸುರೀತಾನೆ, ಆ ಕಂತಿನ ಆಟ ನಡೆಯೋದೇ ಅದರಿಂದ. ಜೇಬು ಬಿಗಿ ಇರೋ ಮಾಲೀಕನ ಕೈಕೆಳಗೆ ರೋಸ್ಮನ್ ಅರ್ಧ ರೋಸ್ಮನ್. ಇನ್ನು ಆ ಕಂತುಗಳನ್ನ ಮುಂದಿನ ವರ್ಷಗಳಿಗೆ ತಳ್ಳಿದ್ದಾನೆ, ಆ ಬಿಲ್ ಬಂದೇ ಬರುತ್ತೆ. ಬಂದಾಗ ನಾನೂ ಬೈತೀನಿ.

ಆದ್ರೆ 2024 ಸೀಸನ್ ನೋಡಿ. ಜೈಂಟ್ಸ್ ಉಳಿಸಿಕೊಳ್ಳದ ಸೇಕ್ವಾನ್ ಬಾರ್ಕ್ಲಿ, 3 ವರ್ಷಕ್ಕೆ 37.75 ಮಿಲಿಯನ್, ಮೊದಲ ಸೀಸನ್ನಲ್ಲೇ 2,005 ಯಾರ್ಡ್. ಯಾರಿಗೂ ಬೇಡದ ಝಾಕ್ ಬಾನ್, ಒಂದು ವರ್ಷಕ್ಕೆ 3.5 ಮಿಲಿಯನ್, ಆಲ್-ಪ್ರೊ. ಡ್ರಾಫ್ಟ್‌ನಲ್ಲಿ 22ಕ್ಕೆ ಕ್ವಿನ್ಯಾನ್ ಮಿಚೆಲ್, 40ಕ್ಕೆ ಕೂಪರ್ ಡೀಜೀನ್. ಫೆಬ್ರವರಿ 2025ರ ಸೂಪರ್ ಬೌಲ್ ನಮಗೆ ಸೋಮವಾರ ಬೆಳಗ್ಗೆ 5 ಗಂಟೆಗೆ. ಅಮ್ಮ ಎದ್ದು "ಇಷ್ಟೊತ್ತಿಗೇ ಓದ್ತಿದ್ದೀಯಾ" ಅಂತ ಖುಷಿಪಟ್ಟು ಹತ್ತಿರ ಬಂದು ನೋಡಿದ್ರು, ಅದು ಬೇರೆ ಕಥೆ. ಡೀಜೀನ್, ಅವತ್ತು ಅವನ ಹುಟ್ಟುಹಬ್ಬ, ಮಹೋಮ್ಸ್ ಎಸೆತ ಕಸಿದು ಟಚ್‌ಡೌನ್ ಹೊಡೆದ. ಆಮೇಲೆ ಬಾನ್ ಇನ್ನೊಂದು ಕಸಿದ. 40-22.

ಕೊನೆಗೆ ಆ "ಲಾಯರ್" ಮಾತು. ನನಗೆ ನಿಜವಾಗಿ ಉರಿದದ್ದು ಅದೇ. ರೋಸ್ಮನ್ 2000ದಲ್ಲಿ ಈಗಲ್ಸ್‌ಗೆ ಸೇರಿದ್ದು ಕ್ಯಾಪ್ ಲೆಕ್ಕ ನೋಡೋ ಕೆಳಗಿನ ಕೆಲಸಕ್ಕೆ. ಆಟ ಆಡದವನಿಗೆ ಆಟ ಗೊತ್ತಿರಲ್ಲ ಅನ್ನೋ ನೀವೇ ನಾಳೆ ಕಾಲೇಜು ಟೀಮಿಗೆ ಜರ್ಸಿ ದುಡ್ಡು ಕಡಿಮೆ ಬಿದ್ರೆ ನನ್ನ ಹತ್ರ ಬರ್ತೀರಿ, "ಲೇ, ನೀನು ಅಕೌಂಟ್ಸ್ ಅಲ್ವಾ, ಏನಾದ್ರೂ ಮಾಡೋ" ಅಂತ. ಹೋದ ಸಲ ಬಂದಿದ್ರಿ. ಬಿಲ್ ಇನ್ನೂ ಕೊಟ್ಟಿಲ್ಲ.