ಸ್ಪೀಡ್ ಟೆಸ್ಟ್‌ನಲ್ಲಿ 30 ಎಂಬಿಪಿಎಸ್ ಬಂದರೂ ವಿಡಿಯೊ ಕಾಲ್ ಯಾಕೆ ತಡವರಿಸುತ್ತದೆ?

ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಡಿ, ಡಿಎನ್‌ಎಸ್ ಬದಲಿಸಿ, ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ‘ನೆಟ್ ಫಾಸ್ಟ್ ಆಗುವ ಗುಟ್ಟು’ ಎಂಬ ಇಂಥ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯ ಮನೆಯಿಂದ ಪುಣೆಯಲ್ಲಿರುವ ಮಗನಿಗೆ ವಿಡಿಯೊ ಕಾಲ್ ಮಾಡಿದಾಗ ಮಾತು ತಡವಾಗಿ ಮುಟ್ಟಿದರೆ, ಇಬ್ಬರೂ ಒಟ್ಟಿಗೇ ಮಾತಾಡಿ ಇಬ್ಬರೂ ಸುಮ್ಮನಾದರೆ, ತೊಂದರೆ ಇರುವುದು ವೇಗದಲ್ಲಲ್ಲ. ವಿಳಂಬದಲ್ಲಿ.

ಆಲಮಟ್ಟಿಯ ಕಾಲುವೆ ಎಷ್ಟು ಅಗಲ ಎನ್ನುವುದು ಒಂದು ಲೆಕ್ಕ. ಗೇಟು ತೆರೆದ ಮೇಲೆ ನೀರು ಕೊನೆಯ ಹೊಲ ಮುಟ್ಟಲು ಎಷ್ಟು ಹೊತ್ತು ಬೇಕು ಎನ್ನುವುದು ಬೇರೆ ಲೆಕ್ಕ. ಎಂಬಿಪಿಎಸ್ ಅಳೆಯುವುದು ಅಗಲವನ್ನು. ಜಾಹೀರಾತಿನಲ್ಲಿ ಬರುವುದೂ ಅದೇ. ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ಡೌನ್‌ಲೋಡ್ ಮಿತಿಯನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಅದೂ ಅಗಲದ ಮಾತೇ.

‘ನಮ್ಮೂರು ಬೆಂಗಳೂರಿಗೆ ದೂರ, ಅದಕ್ಕೇ ಹೀಗೆ’ ಎನ್ನುವುದೂ ಸರಿಯಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ವಿಜಯಪುರದಿಂದ ಬೆಂಗಳೂರಿಗೆ 500 ಕಿ.ಮೀ. ದಾಟುತ್ತದೆ ಎಂದುಕೊಂಡರೂ ಹೋಗಿ ಬರಲು ಐದಾರು ಮಿಲಿಸೆಕೆಂಡ್ ಸಾಕು. ಕೇಬಲ್ ಸುತ್ತಿ ಬಳಸಿ ಹೋದರೆ ಹತ್ತು–ಹದಿನೈದು. ಒಂದು ಕಡೆಗೆ 150 ಮಿಲಿಸೆಕೆಂಡ್‌ವರೆಗಿನ ವಿಳಂಬ ಮಾತುಕತೆಗೆ ಅಷ್ಟಾಗಿ ಅಡ್ಡಿಯಾಗದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ.

ಹಾಗಾದರೆ ಹೊತ್ತು ಹೋಗುವುದೆಲ್ಲಿ? ಬಹಳ ಸಲ ನಿಮ್ಮ ರೂಟರ್‌ನಲ್ಲೇ. ಮನೆಯಲ್ಲಿ ಯಾರೋ ಮದುವೆ ವಿಡಿಯೊ ಕಳಿಸುತ್ತಿರುತ್ತಾರೆ, ಇನ್ನೊಂದು ಫೋನು ಸದ್ದಿಲ್ಲದೆ ಫೋಟೊ ಬ್ಯಾಕಪ್ ಮಾಡುತ್ತಿರುತ್ತದೆ. ಅಪ್‌ಲೋಡ್ ದಾರಿ ಚಿಕ್ಕದು. ಕಳಿಸಲಾಗದ್ದನ್ನು ರೂಟರ್ ಬಿಸಾಡದೆ ಸಾಲಿನಲ್ಲಿ ನಿಲ್ಲಿಸುತ್ತದೆ, ನಿಮ್ಮ ಮಾತು ಆ ಸಾಲಿನ ಹಿಂದೆ ನಿಲ್ಲುತ್ತದೆ. ಅಪ್‌ಲೋಡ್ 2 ಎಂಬಿಪಿಎಸ್ ಇದ್ದು, ಸಾಲಿನಲ್ಲಿ 1 ಎಂಬಿ ನಿಂತಿದ್ದರೆ ಅದು ಕರಗಲು 4 ಸೆಕೆಂಡ್ ಬೇಕು! 2010ರಲ್ಲಿ ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ ತಮ್ಮ ಮನೆಯ ಇಂಟರ್‌ನೆಟ್‌ನಲ್ಲೇ ಇದನ್ನು ಪತ್ತೆ ಹಚ್ಚಿದರು. ಇದಕ್ಕೆ ‘ಬಫರ್‌ಬ್ಲೋಟ್’ ಎನ್ನುತ್ತಾರೆ.

ನೀವೇ ಪರೀಕ್ಷಿಸಬಹುದು. ಸ್ಪೀಡ್ ಟೆಸ್ಟ್ ಆ್ಯಪ್‌ನಲ್ಲಿ ದೊಡ್ಡ ಅಂಕಿ ಬಿಟ್ಟು ‘ಪಿಂಗ್’ ನೋಡಿ. ಮೊದಲು ಯಾರೂ ನೆಟ್ ಬಳಸದಾಗ, ಆಮೇಲೆ ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೊ ಕಳಿಸುತ್ತಿರುವಾಗ. 40 ಇದ್ದದ್ದು 600ಕ್ಕೆ ಜಿಗಿದರೆ ಕಾರಣ ಸಾಲು. ಬ್ಯಾಕಪ್ ಅನ್ನು ರಾತ್ರಿಗೆ ಹಾಕಿ. ರೂಟರ್ ಸೆಟ್ಟಿಂಗ್‌ನಲ್ಲಿ ‘ಎಸ್‌ಕ್ಯೂಎಂ’ ಇದ್ದರೆ ಅಪ್‌ಲೋಡ್ ಮಿತಿಯನ್ನು ಸಿಗುವ ವೇಗದ ಶೇ 85–90ಕ್ಕೆ ಇಡಿ. ವೇಗ ಗಳಿಗೆಗೊಂದರಂತೆ ಬದಲಾಗುವ 4ಜಿಯಲ್ಲಿ ಈ ಮಿತಿ ಅಷ್ಟು ಕೆಲಸ ಮಾಡದು. ಅಲ್ಲಿ ಕಾಲ್ ಮುಗಿಯುವ ತನಕ ಅಪ್‌ಲೋಡ್ ನಿಲ್ಲಿಸುವುದೇ ಮದ್ದು. ಕ್ಯಾಮೆರಾ ಆಫ್ ಮಾಡಿ ಬರೀ ಮಾತಾಡಿದರೂ ಹೊರೆ ಬಹಳ ಇಳಿಯುತ್ತದೆ.

ಯಾರೂ ಬಳಸದಾಗಲೂ ಪಿಂಗ್ ಹೆಚ್ಚಿದ್ದರೆ? ರೂಟರ್ ಪಕ್ಕದಲ್ಲಿ ನಿಂತು ನೋಡಿ. ಅಲ್ಲಿ ಕಡಿಮೆಯಾದರೆ ಅಡ್ಡಿ ವೈಫೈನದು. ದಪ್ಪ ಕಲ್ಲಿನ ಗೋಡೆ ದಾಟಲು ಅದು ತಿಣುಕುತ್ತದೆ. ರೂಟರನ್ನು ಕಪಾಟಿನಿಂದ ಹೊರತೆಗೆದು ನಡುಮನೆಯಲ್ಲಿ ಎತ್ತರಕ್ಕಿಡಿ.

ಫಾಯಿಲ್ ವೈಫೈ ಅಲೆಯನ್ನು ಒಂದು ದಿಕ್ಕಿಗೆ ತಿರುಗಿಸಬಲ್ಲದು, ಸಾಲನ್ನು ಕರಗಿಸಲಾರದು. ಡಿಎನ್‌ಎಸ್ ಬರೀ ವಿಳಾಸ ಹುಡುಕಿಕೊಡುತ್ತದೆ, ನಡೆಯುತ್ತಿರುವ ಕರೆಗೆ ಅದರ ಹಂಗಿಲ್ಲ. ಏರೋಪ್ಲೇನ್ ಮೋಡ್ ಫೋನನ್ನು ಟವರ್‌ಗೆ ಹೊಸದಾಗಿ ಜೋಡಿಸುವುದರಿಂದ ಒಮ್ಮೊಮ್ಮೆ ಫಲ ಕಾಣುತ್ತದೆ, ಅದಕ್ಕೇ ಆ ಫಾರ್ವರ್ಡ್ ಸಾಯುತ್ತಿಲ್ಲ.

ಕರೆಂಟ್ ಹೋದಾಗಿನ ಕಥೆ ಬೇರೆ. ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿದರೆ ಅದು ಆರಿ ಮತ್ತೆ ಎದ್ದೇಳುವ ಕೆಲವು ನಿಮಿಷ ಉಳಿಯುತ್ತವೆ. ಆದರೆ ಕೊಳ್ಳುವ ಮುನ್ನ ಕೇಬಲ್‌ನವರನ್ನು ಕೇಳಿ: ಓಣಿಯಲ್ಲಿರುವ ಅವರ ಪೆಟ್ಟಿಗೆಗೆ ಬ್ಯಾಟರಿ ಇದೆಯೇ? ಇಲ್ಲದಿದ್ದರೆ ನಿಮ್ಮ ರೂಟರ್ ದೀಪ ಮಾತ್ರ ಉರಿಯುತ್ತಿರುತ್ತದೆ.