ಖಾಲಿ ಹುದ್ದೆಯ ಸಂಬಳ ಯಾರ ಉಳಿತಾಯ?

ನಗರ ಸ್ಥಳೀಯ ಸಂಸ್ಥೆಗಳ ಬಜೆಟ್ ಸಭೆ ಮುಗಿದ ಮರುದಿನದ ಸುದ್ದಿ ಬಹುತೇಕ ಒಂದೇ ಬಗೆಯದು: ಇಷ್ಟು ಕೋಟಿ ಆದಾಯ, ಇಷ್ಟು ಲಕ್ಷ ಉಳಿತಾಯ. ತುಮಕೂರು ಮಹಾನಗರ ಪಾಲಿಕೆ, ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿ ಮೂರಕ್ಕೂ ಈ ಮಾತು ಅನ್ವಯಿಸುತ್ತದೆ. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ, ಖಾಲಿ ಹುದ್ದೆಗಳ ಕೆಲಸವನ್ನು ಯಾರು ಮಾಡುತ್ತಿದ್ದಾರೆ, ಅದಕ್ಕೆ ಯಾವ ಹಣ ಹೋಗುತ್ತಿದೆ ಎಂಬ ಲೆಕ್ಕ ಮಾತ್ರ ಚರ್ಚೆಗೆ ಬರುವುದೇ ಅಪರೂಪ.

ಇದು ಸಣ್ಣ ಲೆಕ್ಕವಲ್ಲ. 18 ರಾಜ್ಯಗಳ ನಗರಾಡಳಿತವನ್ನು ಪರಿಶೀಲಿಸಿದ ಸಿಎಜಿ ವರದಿಗಳ ಸಂಕಲನ 2024ರಲ್ಲಿ ಹೊರಬಂತು. ಮಂಜೂರಾದ ಹುದ್ದೆಗಳಲ್ಲಿ ಸರಾಸರಿ ಶೇ 37ರಷ್ಟು ಖಾಲಿ ಎಂದು ಅದು ಹೇಳಿತು. ಕರ್ನಾಟಕ ಸರ್ಕಾರದ ಇಲಾಖೆಗಳಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕೆಂಬುದು ರಾಜ್ಯದ್ದೇ ಮಾನದಂಡ. 2011ರ ಜನಗಣತಿಯ ಪ್ರಕಾರ ತುಮಕೂರು ನಗರದ ಜನಸಂಖ್ಯೆ 3,02,143; ಆ ಲೆಕ್ಕಕ್ಕೇ 432 ಮಂದಿ ಬೇಕು. ಅಲ್ಲಿಂದೀಚೆಗೆ ನಗರ ಎಷ್ಟು ಬೆಳೆದಿದೆ ಎಂಬುದು ಊರಿನವರಿಗೆಲ್ಲ ಗೊತ್ತು.

ಹುದ್ದೆ ಖಾಲಿ ಬಿದ್ದರೆ ಹಣ ಉಳಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಯಾರಿಗೆ ಉಳಿಯುತ್ತದೆ ಎಂದು ಕೇಳಬೇಕು. ಕಾಯಂ ಸಿಬ್ಬಂದಿಯ ಸಂಬಳಕ್ಕೆ ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ವೇತನ ಅನುದಾನ ರಾಜ್ಯದಿಂದ ಬರುತ್ತದೆ. ಕುರ್ಚಿಯಲ್ಲಿ ಆಳಿಲ್ಲದಿದ್ದರೆ ಆ ಸಂಬಳದ ದುಡ್ಡು ಊರಿಗೆ ಇಳಿಯುವುದಿಲ್ಲ. ಉಳಿತಾಯ ರಾಜ್ಯದ ಖಜಾನೆಯದು. ಕೆಲಸ ಮಾತ್ರ ನಿಲ್ಲುವಂತಿಲ್ಲ. ವಾಲ್ವ್ ತಿರುಗಿಸಲು, ಕಸದ ಆಟೊ ಓಡಿಸಲು, ಕಂಪ್ಯೂಟರ್ ಮುಂದೆ ಕೂರಲು ಹೊರಗುತ್ತಿಗೆಯವರನ್ನು ತರಲಾಗುತ್ತದೆ. ಅವರ ಕೂಲಿಯ ಜೊತೆಗೆ ಏಜೆನ್ಸಿಯ ಸೇವಾ ಶುಲ್ಕದ ಭಾರವೂ ಬಹುಮಟ್ಟಿಗೆ ಆಸ್ತಿ ತೆರಿಗೆ, ನೀರಿನ ಕಂದಾಯ ಕಟ್ಟಿದವರ ಮೇಲೆಯೇ ಬೀಳುತ್ತದೆ. ಹುದ್ದೆ ತುಂಬುವ ಅಧಿಕಾರ ಬೆಂಗಳೂರಿನಲ್ಲಿ, ತುಂಬದಿದ್ದರ ಬೆಲೆ ಗುಬ್ಬಿ, ಕುಣಿಗಲ್‌ಗಳಲ್ಲಿ. ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಮೂರು ದಶಕ ಕಳೆದರೂ ಈ ಅಂತರ ಹಾಗೇ ಇದೆ.

ಬ್ರಿಟನ್, ಅಮೆರಿಕದ ಹಲವು ನಗರಾಡಳಿತಗಳು ಖಾಲಿ ಹುದ್ದೆಗಳಿಂದಾಗುವ ಉಳಿತಾಯವನ್ನು ಬಜೆಟ್‌ನಲ್ಲೇ ಹೇಳಿಬಿಡುತ್ತವೆ. ವರ್ಷದಲ್ಲಿ ಕೆಲವರು ನಿವೃತ್ತರಾಗುತ್ತಾರೆ, ಹೊಸಬರು ಬರಲು ತಿಂಗಳುಗಳು ಹಿಡಿಯುತ್ತವೆ ಎಂದು ಅಂದಾಜಿಸಿ, ವೇತನದ ಮೊತ್ತದಲ್ಲಿ ಸಣ್ಣ ಪಾಲನ್ನು ಮೊದಲೇ ಕಳೆದು ತೋರಿಸುತ್ತವೆ. ನೂರಾರು ಸಿಬ್ಬಂದಿಯಿರುವ ತುಮಕೂರು ಪಾಲಿಕೆಗೆ ಈ ಕ್ರಮ ಒಗ್ಗೀತು. ಗುಬ್ಬಿಯಂಥ ಪಟ್ಟಣ ಪಂಚಾಯಿತಿಗೆ ಒಗ್ಗದು. ಅಲ್ಲಿ ಎಂಜಿನಿಯರ್ ಹುದ್ದೆ ಒಂದು ಖಾಲಿಯಾದರೆ ಒಂದು ವಿಭಾಗವೇ ಬರಿದಾದಂತೆ. ಬೇರೆ ಊರಿನವರಿಗೆ ಪ್ರಭಾರ ವಹಿಸಿದರೆ ವಾರದಲ್ಲಿ ಅವರು ಸಿಗುವುದೇ ಒಂದೆರಡು ದಿನ. ಅಂದಾಜು ಪಟ್ಟಿ, ಟೆಂಡರ್, ಬಿಲ್ಲು ಎಲ್ಲವೂ ಕಾಯುತ್ತವೆ. ಶೇಕಡಾವಾರು ಕಡಿತ ದೊಡ್ಡ ಸಂಖ್ಯೆಗಳ ಲೆಕ್ಕಾಚಾರ. ಸಣ್ಣ ಊರಿಗೆ ಬೇಕಾದದ್ದು ಹುದ್ದೆವಾರು ಲೆಕ್ಕ.

ಖಾಲಿ ಹುದ್ದೆ ಆದಾಯವನ್ನೂ ತಿನ್ನುತ್ತದೆ. ಕಂದಾಯ ನಿರೀಕ್ಷಕರು, ಬಿಲ್ ಕಲೆಕ್ಟರ್‌ಗಳು ಇಲ್ಲದ ಕಡೆ ಹೊಸ ಕಟ್ಟಡಗಳು ತೆರಿಗೆಯ ಪಟ್ಟಿಗೆ ಸೇರುವುದು ತಡವಾಗುತ್ತದೆ, ಬಾಕಿ ಬೆಳೆಯುತ್ತದೆ. 2025ರಲ್ಲಿ ಬಿ-ಖಾತಾ ಅಭಿಯಾನ ನಡೆದಾಗ ಸ್ಥಳ ಪರಿಶೀಲನೆಯಿಂದ ದತ್ತಾಂಶ ನಮೂದಿನವರೆಗೆ ಎಲ್ಲಕ್ಕೂ ಬೇಕಾದದ್ದು ಇದೇ ಕೈಗಳು. ಒಬ್ಬ ಬಿಲ್ ಕಲೆಕ್ಟರ್‌ನ ಸಂಬಳ ಉಳಿಸಿ ಒಂದು ವಾರ್ಡಿನ ತೆರಿಗೆ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಮಿತವ್ಯಯವಲ್ಲ.

ಈ ಉಳಿತಾಯದ ದೊಡ್ಡ ಪಾಲನ್ನು ತಮ್ಮ ಬದುಕಿನಿಂದ ತೆತ್ತವರು ಕೆಳಹಂತದ ದುಡಿಮೆಗಾರರು. 2022ರ ಜುಲೈನಲ್ಲಿ ಪೌರಕಾರ್ಮಿಕರು ಬೀದಿಗಿಳಿದ ಮೇಲೆ ರಾಜ್ಯ ಸಂಪುಟ 11,133 ಮಂದಿಯ ಕಾಯಮಾತಿಗೆ ಒಪ್ಪಿತು. ಚಾಲಕರು, ಲೋಡರ್‌ಗಳು, ನೀರು ಸರಬರಾಜು ನೌಕರರು ಅದೇ ಬೇಡಿಕೆಯನ್ನು ಇನ್ನೂ ಮುಂದಿಡುತ್ತಿದ್ದಾರೆ. ವರ್ಷಗಟ್ಟಲೆ ನಡೆದೇ ಇರುವ ಕೆಲಸವನ್ನು ತಾತ್ಕಾಲಿಕ ಎನ್ನುವುದು ಅನ್ಯಾಯ.

ಪರಿಹಾರಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ನಿಧಿಯನ್ನು ಪ್ರತ್ಯೇಕವಾಗಿ ತೋರಿಸುವ ಪದ್ಧತಿ ನಮ್ಮ ಬಜೆಟ್‌ಗಳಲ್ಲಿ ಈಗಾಗಲೇ ಇದೆ. ಹಾಗೆಯೇ ಖಾಲಿ ಹುದ್ದೆಗಳ ಅನುಬಂಧವೊಂದು ಇರಲಿ: ಹುದ್ದೆ, ಎಂದಿನಿಂದ ಖಾಲಿ, ಉಳಿದ ಸಂಬಳ, ಹೊರಗುತ್ತಿಗೆಗೆ ಹೋದ ಹಣ, ಪ್ರಭಾರ ಯಾರಿಗೆ. ರಾಜ್ಯ ಸರ್ಕಾರವೂ ಖಾಲಿ ಹುದ್ದೆಯ ವೇತನ ಅನುದಾನವನ್ನು ತಡೆಹಿಡಿಯದೆ, ಭರ್ತಿಯಾಗುವವರೆಗೆ ಆ ಊರಿನ ಬದಲಿ ಸಿಬ್ಬಂದಿಗಷ್ಟೇ ಬಳಸುವ ಷರತ್ತಿನೊಂದಿಗೆ ಬಿಡುಗಡೆ ಮಾಡಲಿ. ಹುದ್ದೆ ಖಾಲಿ ಬಿಡುವುದರಿಂದ ಖಜಾನೆಗೆ ಲಾಭವಿಲ್ಲವೆಂದಾದರೆ ನೇಮಕಾತಿಯ ಕಡತಗಳು ಬೇಗ ಚಲಿಸುತ್ತವೆ. ಚುನಾಯಿತ ಮಂಡಳಿ ಇದ್ದಾಗ ಸದಸ್ಯರು, ಇಲ್ಲದಾಗ ಆಡಳಿತಾಧಿಕಾರಿ ಮುಂದಿನ ಬಜೆಟ್‌ಗೆ ಸಹಿ ಹಾಕುವ ಮೊದಲು ಈ ಅನುಬಂಧವನ್ನು ಕೇಳಿ ಪಡೆಯಬೇಕು. ತೆರಿಗೆ ಕಟ್ಟುವ ನಾವೂ ಕೇಳಬೇಕು.