ಕಡಲಾಳಕ್ಕೆ ಒಯ್ಯುವ ದೀಪ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಿಗಿಳಿಯುವವರು ಈಗೀಗ ಕ್ಯಾಮೆರಾವನ್ನೂ ಒಯ್ಯುವುದರಿಂದ, ಜಲಾಂತರ್ಗತ ಟಾರ್ಚಿನ ಆಯ್ಕೆಯನ್ನು ಕುರಿತ ವಿಚಾರ ಅಪ್ರಸ್ತುತವಾಗದು. ಸೂರ್ಯಪ್ರಕಾಶದ ಕೆಂಪು ಕಿರಣಗಳನ್ನು ನೀರು ಮೊದಲ ಕೆಲವು ಮೀಟರುಗಳಲ್ಲಿಯೇ ಬಹುಪಾಲು ಹೀರಿಬಿಡುವುದರಿಂದ, 15 ಮೀಟರು ಆಳದಲ್ಲಿ ಕೆಂಪು ಮೀನೂ ಬೂದುಬಣ್ಣದ್ದಾಗಿ ತೋರುತ್ತದೆ. ಲುಪ್ತವಾದ ಆ ವರ್ಣವನ್ನು ಮರಳಿಸುವುದೇ ವಿಡಿಯೊ ದೀಪದ ಧರ್ಮ. ಆದುದರಿಂದ ಬೆಳಕಿನ ಪ್ರಮಾಣವನ್ನಷ್ಟೇ ಹೇಳುವ ಲ್ಯೂಮೆನ್ ಸಂಖ್ಯೆಯೊಂದಕ್ಕೇ ಮರುಳಾಗುವುದು ವಿವೇಕವಲ್ಲ.

ಬಂಡೆಯ ಬಿರುಕಿನೊಳಗೆ ಇಣುಕುವುದಕ್ಕೂ ಜೊತೆಗಾರನಿಗೆ ಸಂಜ್ಞೆ ಮಾಡುವುದಕ್ಕೂ ಸುಮಾರು 10 ಡಿಗ್ರಿಯ ಕಿರಿದಾದ ಕಿರಣಪುಂಜ ಬೇಕು. ಚಿತ್ರೀಕರಣಕ್ಕಾದರೋ, ನಡುವೆ ಪ್ರಖರವಾದ ಚುಕ್ಕೆಯಿಲ್ಲದೆ 100 ಡಿಗ್ರಿಯಷ್ಟು ವಿಸ್ತಾರಕ್ಕೆ ಸಮನಾಗಿ ಹರಡುವ, ಬಣ್ಣವನ್ನು ಯಥಾವತ್ತಾಗಿ ತೋರುವ ಬೆಳಕು ಬೇಕು. ಅದನ್ನಾದರೂ ಮಸೂರದ ಪಕ್ಕದಲ್ಲೇ ಅಂಟಿಸದೆ, ಕ್ಯಾಮೆರಾಕ್ಕೆ ಜೋಡಿಸಿದ ತೋಳಿನ ಮೇಲೆ ದೂರ ಸರಿಸಿ ಹಿಡಿಯಬೇಕು. ಇಲ್ಲವಾದರೆ ತೇಲುವ ಕಣಗಳೆಲ್ಲ ಬೆಳಗಿ ದೃಶ್ಯದ ಮೇಲೆ ಹಿಟ್ಟು ಚೆಲ್ಲಿದಂತಾಗುವುದು. ಇನ್ನು ಟಾರ್ಚಿನ ಮುಚ್ಚಳದಲ್ಲಿ ನೀರು ತಡೆಯುವ ಬಳೆಯಾದ ಓ-ರಿಂಗ್: ಅದರಲ್ಲೊಂದು ಕೂದಲೆಳೆ ಸಿಕ್ಕಿಕೊಂಡರೂ ಉಪ್ಪುನೀರು ಒಳನುಗ್ಗೀತು; ಆದುದರಿಂದ ಪ್ರತಿಸಲವೂ ಅದನ್ನೊರೆಸಿ, ಪರೀಕ್ಷಿಸಿ ಮುಚ್ಚತಕ್ಕದ್ದು.

ಹಣ ಪರಿಮಿತವಾಗಿದ್ದಲ್ಲಿ ಮೊದಲು ಕೊಳ್ಳಬೇಕಾದುದು ನಂಬಿಕೆಯ ಕಿರಿದೊಂದು ಡೈವಿಂಗ್ ಟಾರ್ಚ್, ರಾತ್ರಿ ಮುಳುಗುವವರಾದರೆ ಜೊತೆಗೆ ಇನ್ನೊಂದು. ವಿಡಿಯೊ ದೀಪ ಅನಂತರದ್ದು. ಚಿತ್ರವನ್ನು ಮತ್ತೊಮ್ಮೆ ತೆಗೆಯಬಹುದು. ಪ್ರಾಣದ ವಿಷಯದಲ್ಲಿ ಆ ಅವಕಾಶವಿಲ್ಲ.